ಗೋಡೆಯಿಂದ ಎಂಟು ಹೆಜ್ಜೆ

ನಾನು ನಿಂತಿದ್ದದ್ದು ಬಸವಕಲ್ಯಾಣದಲ್ಲಿ, ಹಳೇ ಊರಿನಿಂದ ಹೊಸ ಬಡಾವಣೆಗಳ ಕಡೆ ಹೋಗುವ ರಸ್ತೆಯಲ್ಲಿ, ಅಗೆದು ಹಾಕಿದ ಮಣ್ಣಿನ ದಿಬ್ಬದ ಮೇಲೆ. ಹೋದ ವರ್ಷ ಶಿವರಾತ್ರಿಯ ಮರುವಾರ, ಮಂಗಳವಾರ, ಬೆಳಗಿನ ಹತ್ತು ಗಂಟೆ ದಾಟಿ ಹತ್ತು ನಿಮಿಷ. ನನ್ನ ಕಾಲ ಕೆಳಗೆ ಒಳಚರಂಡಿ ಪೈಪಿಗಾಗಿ ತೋಡಿದ ಉದ್ದನೆಯ ಗುಂಡಿ, ಒಂದೂವರೆ ಆಳು ಆಳ. ಗುಂಡಿಯ ಆಚೆ ಒಂದು ಶಾಲೆಯ ಕಂಪೌಂಡ್ ಗೋಡೆ. ಬಿಸಿಲು ನನ್ನ ಬೆನ್ನಿಗಿದ್ದುದರಿಂದ ಗುಂಡಿಯ ಆ ಬದಿ ಪೂರಾ ಬೆಳಕಿನಲ್ಲಿತ್ತು. ಅವರು ಇಳಿದು ನಿಂತದ್ದು ಆ ಬದಿಗೇ. ನನ್ನ ಕಣ್ಣಿಗೂ ಅವರಿಗೂ ನಡುವೆ ಏನೂ ಅಡ್ಡ ಇರಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆಯುವುದು ಬೇಡವೆಂದು ಅವರ ಹೆಂಡತಿ ಹೇಳಿದ್ದಾರೆ. ಊರಿನವರು ಅವರನ್ನು ನೀರಿನ ಕಾಕಾ ಎನ್ನುತ್ತಿದ್ದರು, ನಾನೂ ಕಾಕಾ ಎನ್ನುತ್ತಿದ್ದೆ. ಮೂವತ್ತೆಂಟು ವರ್ಷ ಆ ಊರಿಗೆ ನೀರು ಬಿಟ್ಟವರು. ಯಾವ ಗಲ್ಲಿಗೆ ಯಾವ ಹೊತ್ತಿಗೆ ನೀರು ಹೋಗಬೇಕೋ ಅಲ್ಲಿಯ ವಾಲ್ವನ್ನು ತೆರೆಯುವುದು, ಹೊತ್ತಾದ ಮೇಲೆ ಮುಚ್ಚುವುದು, ಎಲ್ಲಿ ಸೋರಿದರೂ ಹೋಗಿ ಹುಡುಕುವುದು ಅವರ ಕೆಲಸ.

ನಾನು ಹುಮನಾಬಾದಿನವನು. ನಕಾಶೆ ಬರೆಯುವುದು ನನ್ನ ಕಸುಬು. ಒಳಚರಂಡಿಯ ಕೆಲಸ ಹಿಡಿದಿದ್ದ ಗುತ್ತೇದಾರರ ಕೈಕೆಳಗೆ ಇದ್ದೆ. ನೆಲದಡಿಯಲ್ಲಿ ಹಳೆಯ ನೀರಿನ ಪೈಪುಗಳು ಎಲ್ಲೆಲ್ಲಿವೆ ಎಂದು ಗೊತ್ತಿಲ್ಲದೆ ಅಗೆಯುವ ಹಾಗಿರಲಿಲ್ಲ. ಅದನ್ನು ಕಾಗದಕ್ಕೆ ಇಳಿಸುವುದು ನನ್ನ ಪಾಲಿಗೆ ಬಂದಿತ್ತು. ಮೊದಲ ದಿನ ನಗರಸಭೆಯ ಕಚೇರಿಗೆ ಹೋಗಿ ಹಳೇ ನಕಾಶೆ ಕೇಳಿದೆ. ಅಲ್ಲಿದ್ದವರು ಒಂದು ಬಟ್ಟೆಯ ಸುರುಳಿ ತಂದು ಬಿಚ್ಚಿದರು. ಅಕ್ಷರ ಉರ್ದು, ಅರ್ಧ ಗೆದ್ದಲಿನ ಪಾಲಾಗಿತ್ತು. ಅದನ್ನು ಮತ್ತೆ ಸುತ್ತುತ್ತ ಒಬ್ಬರು, ಇದರಾಗ ಏನೂ ಸಿಗೂದಿಲ್ಲ, ನೀರಿನ ಟಾಕಿ ಕಡೆ ಹೋಗ್ರಿ, ಅಲ್ಲೊಬ್ರು ಕುಂತಿರ್ತಾರ, ಅವರೇ ನಮ್ಮ ನಕಾಶೆ ಎಂದರು.

ಅವರು ಟಾಕಿಯ ಮೆಟ್ಟಿಲ ಮೇಲೆ ಕುಳಿತು, ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಚಾವಿಗೆ ಎಣ್ಣೆ ಹಚ್ಚುತ್ತಿದ್ದರು. ಗಿಡ್ಡ ಮೈ, ತಲೆಗೆ ಬಿಳಿ ಟವೆಲ್ಲು, ಕಿವಿಗಳು ಮಾತ್ರ ಮುಖಕ್ಕಿಂತ ದೊಡ್ಡವಿದ್ದಂತೆ ಕಾಣುತ್ತಿದ್ದವು. ನಾನು ಬಂದ ಕೆಲಸ ಹೇಳಿದೆ. ಊರಲ್ಲಿ ವಾಲ್ವ್ ಎಷ್ಟಿವೆ, ನಂಬರು ಹೇಗೆ ಹಾಕಿದ್ದೀರಿ ಎಂದು ಕೇಳಿದೆ. ಅವರು ಚಾವಿಯನ್ನು ಕೆಳಗಿಟ್ಟರು.

"ಕುರಿಗಿ ನಂಬರ ಹಾಕ್ತಾರೇನ್ರಿ ಸಾಹೇಬ್ರ? ಮಾರಿ ನೋಡಿ ಗುರ್ತು ಹಿಡೀತಾರ."

ಅವರದು ನಾರಾಯಣಪುರದಾಚೆಯ ಒಂದು ಹಳ್ಳಿಯ ಕುರಿ ಕಾಯುವ ಮನೆತನ. ಅವರ ಅಣ್ಣತಮ್ಮಂದಿರು ಇವತ್ತಿಗೂ ಕುರಿ ಹಿಂದೆ ಇದ್ದಾರೆ. ಇವರು ಹದಿನೆಂಟನೆಯ ವಯಸ್ಸಿನಲ್ಲಿ ಪೈಪು ಹೊರುವ ದಿನಗೂಲಿಗೆಂದು ಬಂದು, ಹೊತ್ತ ಪೈಪುಗಳ ಜೊತೆಗೇ ಉಳಿದುಬಿಟ್ಟರು. ವಾಲ್ವುಗಳಿಗೆ ಅವರು ಹೆಸರಿಟ್ಟಿದ್ದರು. ಎಷ್ಟು ತಿರುಗಿಸಿದರೂ ಬಾಯಿ ಬಿಡದ ಒಂದಕ್ಕೆ ಹೊಸ ಸೊಸಿ. ಮುಚ್ಚಿದ ಮೇಲೂ ತೊಟ್ಟಿಕ್ಕುವ ಒಂದಕ್ಕೆ ಅಳುಬುರುಕಿ. ಶಾಲೆಯ ಮುಂದಿನ ರಸ್ತೆಯಡಿ ಹೋಗುವ, ಎಲ್ಲಕ್ಕಿಂತ ಹಳೆಯ ಬೀಡು ಕಬ್ಬಿಣದ ಪೈಪಿಗೆ ಮುದುಕಿ. ಮುದುಕಿಗೆ ಸಿಟ್ಟು ಬರಿಸಬ್ಯಾಡ್ರಿ, ಹಿಂದಿನ ಗಲ್ಲಿ ಪೂರಾ ಆಕಿ ಮ್ಯಾಲೇ ಅದ ಅನ್ನುತ್ತಿದ್ದರು. ಆ ಗಲ್ಲಿಗೆ ಹೊಸ ಯೋಜನೆಯ ನೀರು ಇನ್ನೂ ಮುಟ್ಟಿರಲಿಲ್ಲ.

ಆ ಗಲ್ಲಿಯ ಕಮಲಾಬಾಯಿ ಅದೇ ಶಾಲೆಯಲ್ಲಿ ಬಿಸಿಯೂಟ ಮಾಡುವವರು. ಅವರಿಗೂ ಕಾಕಾಗೂ ದಿನಾ ಮಾತಿನ ತಿಕ್ಕಾಟ. ಒಮ್ಮೆ ನಾನು ಜೊತೆಗಿದ್ದಾಗ ಕೊಡ ಹಿಡಿದು ನಿಂತಿದ್ದ ಕಮಲಾಬಾಯಿ, "ಅಣ್ಣ, ನಿಮ್ಮ ನೀರು ನಮ್ಮ ನಳಕ್ಕ ಬರೋದ್ರಾಗ ನನ್ನ ಮಮ್ಮಗನ ಲಗ್ನ ಆಗ್ತದ ನೋಡ್ರಿ" ಎಂದರು. ಮೊಮ್ಮಗನಿಗೆ ಆಗ ಮೂರು ವರ್ಷ. ಕಾಕಾ ತಲೆ ಎತ್ತದೆ ಚಾವಿ ತಿರುಗಿಸುತ್ತ, "ಚಲೋ ಆತಲ್ಲ ತಂಗಿ, ಲಗ್ನದ ಅಡಗಿಗಿ ನೀರಿನ ಚಿಂತಿ ಇಲ್ಲ" ಎಂದರು.

ಇಷ್ಟಾದರೂ ಅವರು ಮೊದಲು ನೀರು ಬಿಡುತ್ತಿದ್ದದ್ದು ಕೊನೆಯ ಗಲ್ಲಿಗಳಿಗೆ. ಟಾಕಿಗೆ ಹತ್ತಿರದ ದೊಡ್ಡ ಮನೆಗಳವರಿಗೆ ಇದು ಸಿಟ್ಟು. ಒಬ್ಬರು ನನ್ನೆದುರಿಗೇ ಕೇಳಿದರು. ಇವರು ದೋಣಿಯ ಕತೆ ಹೇಳಿದರು. ಕುರಿಗಳಿಗೆ ಕುಡಿಯಲಿಟ್ಟ ಕಲ್ಲಿನ ದೋಣಿಗೆ ನೀರು ತುಂಬಿದಾಗ ಬಲವಾದ ಟಗರುಗಳು ಮುಂದೆ ನುಗ್ಗಿ ಕುಡಿಯುತ್ತವೆ, ಕುಂಟುವುದು, ಗಬ್ಬದ್ದು, ಮರಿಯದ್ದು ಹಿಂದೆ ನಿಲ್ಲುತ್ತವೆ. ಅದಕ್ಕೆ ಕುರುಬ ಬಲವಾದವನ್ನು ಕೋಲಿನಿಂದ ತಡೆದು ಹಿಂದಿನವಕ್ಕೆ ಮೊದಲು ಕುಡಿಸುತ್ತಾನೆ. ಕೇಳಿದವರು, ನಾವೇನು ಟಗರೇನೋ ಎಂದು ನಕ್ಕುಬಿಟ್ಟರು. ಕಾಕಾ ನಗಲಿಲ್ಲ. ಹೌದ್ರಿ ಅಂದರು.

ಸೋರಿಕೆ ಹುಡುಕಲು ಅವರ ಹತ್ತಿರ ಇದ್ದದ್ದು ಒಂದು ಕಬ್ಬಿಣದ ಸಲಾಕಿ. ಒಂದು ತುದಿ ನೆಲಕ್ಕೋ ಪೈಪಿಗೋ ಊರಿ, ಇನ್ನೊಂದು ತುದಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಹಿಡಿಯುತ್ತಿದ್ದರು. ಕಣ್ಣು ಮುಚ್ಚುತ್ತಿದ್ದರು. ಎಡಗೈ ಮೇಲಕ್ಕೆತ್ತಿದರೆ ಸುತ್ತಲಿನವರು ಸುಮ್ಮನಾಗಬೇಕು. ಆಟೋದವರು ಕೂಡ ಆ ಕೈ ಕಂಡರೆ ಗಾಡಿ ಬಂದ್ ಮಾಡುವುದನ್ನು ನಾನು ನೋಡಿದ್ದೇನೆ. ನನಗೂ ಒಮ್ಮೆ ಸಲಾಕಿ ಕೊಟ್ಟರು. ನನ್ನ ರಕ್ತದ ಸಪ್ಪಳ ಬಿಟ್ಟರೆ ಬೇರೇನೂ ಕೇಳಲಿಲ್ಲ. ಏನು ಕೇಳಬೇಕು ಎಂದರೆ, ಮರಿ ಹಾಲು ಕುಡಿಯೋ ಮುಂದ ಸಪ್ಪಳ ಆಗ್ತದಲ್ರಿ, ಹಂಗ ಎಂದರು.

ಒಂದು ಸಲ ಜೋಳ ತರಲೆಂದು ಹುಮನಾಬಾದಿನ ಮಾರ್ಕೆಟ್ಟಿಗೆ ಬಂದವರು ನಮ್ಮ ಮನೆಗೂ ಬಂದರು. ನನ್ನ ಹೆಂಡತಿ ಊಟಕ್ಕೆ ಏಳಿಸುವ ಮೊದಲು ಬಚ್ಚಲಿಗೆ ಕೈ ತೊಳೆಯಲು ಹೋದವರು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ನೋಡಿದರೆ ನಳಕ್ಕೆ ಕಿವಿ ಕೊಟ್ಟು ಬಗ್ಗಿ ನಿಂತಿದ್ದಾರೆ. ಬಾಜುಕಿನ ಮೂರನೇ ಮನಿ ಮುಂದ ಒಡದದ ನೋಡ್ರಿ ಎಂದರು. ಎರಡು ದಿನ ಬಿಟ್ಟು ಆ ಮನೆಯ ಮುಂದೆ ನೆಲ ಹಸಿಯಾಯಿತು. ಅವತ್ತು ಊಟ ಮಾಡಿ ಎದ್ದರು. ಹೋಗುವಾಗ ಹೆಂಡತಿಗೆ, ನಿಮ್ಮ ಯಜಮಾನ್ರು ಭಾಳ ಸಾವಕಾಶ ಬರೀತಾರವ್ವ, ಅದಕ್ಕ ನನಗ ಭರೋಸ ಎಂದರು.

ನಕಾಶೆ ಬರೆದ ನಾಲ್ಕು ತಿಂಗಳು ನಾನು ದಿನಾ ಬೆಳಗ್ಗೆ ಹುಮನಾಬಾದಿನಿಂದ ಬಸ್ಸು ಹತ್ತಿ ಹೋಗುತ್ತಿದ್ದೆ. ಅವರು ಮುಂದೆ, ನಾನು ಹಿಂದೆ. ಅವರು ಅಳೆಯುತ್ತಿದ್ದದ್ದು ಹೆಜ್ಜೆಯಲ್ಲಿ. ಅಳೆಯುವ ಮುಂಚೆ ಚಪ್ಪಲಿ ಕಳಚಿ ಬಗಲಲ್ಲಿ ಇಟ್ಟುಕೊಳ್ಳುತ್ತಿದ್ದರು, ಚಪ್ಪಲಿ ಹಾಕಿದರೆ ಹೆಜ್ಜೆ ಸುಳ್ಳು ಹೇಳುತ್ತದೆಯಂತೆ. ನಾನು ಅವರ ಹಿಂದೆಯೇ ಟೇಪು ಹಿಡಿದು ಅಳೆದುಕೊಳ್ಳುತ್ತಿದ್ದೆ. ಹತ್ತು ಹೆಜ್ಜೆಗೆ ನಾಲ್ಕು ಬೆರಳಿಗಿಂತ ಹೆಚ್ಚು ಫರಕು ಬರುತ್ತಿರಲಿಲ್ಲ.

ಒಂದು ಸಂಗತಿ ನನಗೆ ಬೇಗ ಗೊತ್ತಾಯಿತು, ಆದರೆ ಅದರ ಭಾರ ಆಗ ತಿಳಿಯಲಿಲ್ಲ. ಅವರು ಹೇಳುವ ಗುರುತುಗಳು ಬಹಳಷ್ಟು ಈಗ ಇರಲಿಲ್ಲ. ಚುಂಗಿ ನಾಕಾದಿಂದ, ಅಂದರೆ ಹಳೇ ಸುಂಕದ ಕಟ್ಟೆಯಿಂದ, ಹನ್ನೆರಡು ಹೆಜ್ಜೆ ಎನ್ನುತ್ತಿದ್ದರು. ಹೋಗಿ ನೋಡಿದರೆ ಅಲ್ಲಿ ಮೊಬೈಲ್ ಅಂಗಡಿ. ಬೇವಿನ ಗಿಡ ಅಂದಲ್ಲಿ ಗಿಡವಿಲ್ಲ, ಬಸ್ ತಂಗುದಾಣ. ಅವರೊಬ್ಬರೇ ಅಲ್ಲ, ಊರಿಗೂರೇ ಹಾಗೆ ಮಾತಾಡುತ್ತಿತ್ತು. ದಾರಿ ಕೇಳಿದರೆ ಎಂದೋ ಕೆಡವಿದ ಬಾವಿಯಿಂದ ಬಲಕ್ಕೆ ತಿರುಗಲು ಹೇಳುತ್ತಿದ್ದರು. ಊರು ಅಷ್ಟು ಬೇಗ ಬೆಳೆದಿತ್ತು, ಹಳೆಯದನ್ನು ಮರೆಯಲು ಜನಕ್ಕೆ ಪುರುಸೊತ್ತು ಸಿಕ್ಕಿರಲಿಲ್ಲ. ಕಾಕಾ ಜೊತೆಗೆ ನಡೆದರೆ ಮಾತ್ರ ತೊಂದರೆಯಿಲ್ಲ. ಅವರ ಕಾಲು ಇಲ್ಲದ ಗಿಡದ ಬುಡದಲ್ಲಿ ಸರಿಯಾಗಿ ನಿಲ್ಲುತ್ತಿತ್ತು. ಆದ್ದರಿಂದ ಪ್ರತಿಯೊಂದು ಜಾಗವನ್ನೂ ನಡೆದೇ ಬರೆಯಬೇಕು ಎಂದು ನಾನೇ ನಿಯಮ ಮಾಡಿಕೊಂಡೆ.

ಹೊಸ ಟಾಕಿ ಕಟ್ಟಿ ಮುಗಿದಾಗ ಅವರನ್ನು ಮೇಲೆ ಹತ್ತಿಸಿದರು. ನಾನೂ ಹತ್ತಿದೆ. ಒಂದು ಕಡೆ ಕೋಟೆ, ಹಳೇ ಊರು. ಇನ್ನೊಂದು ಕಡೆ ಹೆದ್ದಾರಿಯ ತನಕ ಬಡಾವಣೆಗಳು, ಕಮಾನುಗಳು, ಲಾರಿ ನಿಲ್ಲುವ ಬಯಲುಗಳು, ಸಾಲು ಸಾಲಾಗಿ ಹಸಿ ಇಟ್ಟಿಗೆ ಗೋಡೆಗಳು. ರಸ್ತೆ ಪಕ್ಕ ಸರಕಾರಿ ಕಾಮಗಾರಿಗಳ ಬೋರ್ಡುಗಳು. ಅವರು ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕಟ್ಟೆ ಹಿಡಿದು ನಿಂತರು.

"ಊರು ನನ್ನ ಕಿವಿಗಿಂತ ದೊಡ್ಡದಾತ್ರಿ ಸಾಹೇಬ್ರ. ನೀವು ಲಗೂ ಬರೀರಿ."

ಆ ಮೇಲೆ ಇಳಿಯುತ್ತ ಹೇಳಿದರು. ತಾನು ಸತ್ತರೆ ಊರು ಕುರುಡಾಗುತ್ತದೆ, ಎಲ್ಲಿ ಬೇಕೆಂದಲ್ಲಿ ಅಗೆಯುತ್ತಾರೆ, ಗಟಾರದ ನೀರು ಕುಡಿಯುವ ನೀರಿಗೆ ಸೇರುತ್ತದೆ, ಹಿಂದಿನ ಗಲ್ಲಿಯ ಕೂಸುಗಳು ಮೊದಲು ಕಾಯಿಲೆ ಬಿದ್ದು ಮಲಗುತ್ತವೆ. ಒಂದು ಬೇಸಿಗೆ ಹಾಗಾದದ್ದನ್ನು ಅವರು ಕಂಡಿದ್ದರು. ಈ ಪೈಪುಗಳ ಜಾಡೊಂದು ಕಾಗದಕ್ಕೆ ಇಳಿದರೆ ಹಳ್ಳಿಗೆ ಹೋಗಿ ಕುರಿ ಜೊತೆ ಕುಳಿತುಬಿಡುತ್ತೇನೆ ಎಂದರು.

ಇನ್ನು ಬರೆಯಲೇಬೇಕಾದದ್ದು. ಶಾಲೆಯ ಮುಂದಿನ ಜಾಗ ನಮ್ಮ ಕೊನೆಯ ಹಾಳೆಗಳಲ್ಲಿ ಒಂದು. ಆ ದಿನ ಅವರ ಅಂಗಾಲಿಗೆ ಮೊಳೆ ಚುಚ್ಚಿ ಬಟ್ಟೆ ಕಟ್ಟಿಕೊಂಡಿದ್ದರು. ಶಾಲೆಯ ಎದುರು ಗೌಸುದ್ದೀನ್ ಎಂಬುವರ ಚಹಾದ ಅಂಗಡಿ ಇದೆ. ಅಲ್ಲಿ ಬೆಂಚಿನ ಮೇಲೆ ಕುಳಿತಿದ್ದೆವು. ನನ್ನ ಬಸ್ಸಿಗೆ ಹೊತ್ತಾಗಿತ್ತು. ನಾಳೆ ನಡೆದು ನೋಡೋಣ್ರಿ, ಇವತ್ತು ಕಾಲು ಊರಲಿಕ್ಕೆ ಬರವಲ್ದು ಎಂದರು. ಮುದುಕಿ ಗೋಡೆಯಿಂದ ಎಷ್ಟು ದೂರ, ಬಾಯಲ್ಲೇ ಹೇಳಿ ಎಂದೆ. ಎಂಟು ಹೆಜ್ಜೆ ಎಂದರು. ಮೂವತ್ತೆಂಟು ವರ್ಷದಲ್ಲಿ ಎಷ್ಟು ಸಲ ಅಳೆದಿದ್ದರೋ, ಯೋಚನೆಯನ್ನೇ ಮಾಡಲಿಲ್ಲ. ಎದುರಿಗೆ ಗೋಡೆ ಕಾಣುತ್ತಿತ್ತು. ನಾನು ಬರೆದೆ: ಶಾಲೆಯ ಗೋಡೆಯಿಂದ ಎಂಟು ಹೆಜ್ಜೆ. ನಾಳೆ ನೋಡುವುದೇನೂ ಬೇಡ, ನೀವು ಹೇಳಿದ ಮೇಲೆ ಮುಗಿಯಿತು ಎಂದೆ. ಅವರಿಗೆ ಆ ಮಾತು ಇಷ್ಟವಾದಂತೆ ಕಂಡಿತು. ಚಹಾ ತರಿಸಿದರು. ನನಗೆ ಬಸ್ಸು ಸಿಕ್ಕಿತು.

ಹಾಳೆಗಳು ಮುಗಿದ ಮೇಲೆ ಒಂದು ಪ್ರತಿ ಅವರಿಗೂ ಮಾಡಿಸಿ ಕೊಟ್ಟೆ. ಅವರಿಗೆ ಓದಲು ಬರುತ್ತಿರಲಿಲ್ಲ. ಎರಡೂ ಕೈಯಲ್ಲಿ ತೆಗೆದುಕೊಂಡು ಟವೆಲ್ಲಿನಲ್ಲಿ ಸುತ್ತಿದರು. ಆ ತಿಂಗಳೇ ಕೆಲಸ ಬಿಟ್ಟು ಹಳ್ಳಿಗೆ ಹೋದರು.

ಆ ಮಂಗಳವಾರ ಅವರನ್ನು ಯಾರೂ ಕರೆದಿರಲಿಲ್ಲ, ಗೌಸುದ್ದೀನ್ ಬಿಟ್ಟು. ಶಾಲೆಯ ಮುಂದೆ ಜೆಸಿಬಿ ಬಂದು ನಿಂತದ್ದನ್ನು ಕಂಡು ಅವರು ಹಿಂದಿನ ದಿನವೇ ಫೋನು ಮಾಡಿದ್ದರು. ಕಾಕಾ ಬೆಳಗಿನ ಬಸ್ಸಿಗೆ ಬಂದರು, ಸಲಾಕಿ ಹಿಡಿದೇ ಬಂದಿದ್ದರು. ಅಷ್ಟರಲ್ಲಿ ಬೇಕಾದ ಆಳದ ಮುಕ್ಕಾಲು ಪಾಲು ಗುಂಡಿ ಆಗಿತ್ತು. ನನ್ನ ಹಾಳೆಯ ಪ್ರಕಾರ ಹಳೇ ಪೈಪು ಗೋಡೆಯಿಂದ ಎಂಟು ಹೆಜ್ಜೆ. ಅದಕ್ಕೆ ಧಕ್ಕೆಯಾಗಬಾರದೆಂದು ಹನ್ನೆರಡು ಹೆಜ್ಜೆಯಲ್ಲಿ ಅಗೆದಿದ್ದರು. ಎಂಟಕ್ಕೆ ಸುಣ್ಣದ ಗೆರೆ ಎಳೆದಿದ್ದರು. ಕಾಕಾ ಬಂದರೆಂದು ಗೌಸುದ್ದೀನ್, ಕಮಲಾಬಾಯಿ ಇಬ್ಬರೂ ಅಲ್ಲೇ ಬಂದು ನಿಂತಿದ್ದರು.

ಕಾಕಾ ಚಪ್ಪಲಿ ಬಿಟ್ಟು ಗುಂಡಿಯ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತರು. ಜರಾ ನಿಲ್ಲಿಸ್ರಿ, ಮುದುಕಿ ಇಲ್ಲೇ ಎಲ್ಲೋ ಅದಾಳ ಅನಸ್ತದ ಎಂದರು. ಅಲ್ಲಿದ್ದ ಮೇಲ್ವಿಚಾರಕ ಹೊರಗಿನ ಊರಿನ ಹುಡುಗ, ಒಳ್ಳೆಯವನು. ಜೆಸಿಬಿ ನಿಲ್ಲಿಸಿ ಅಂದ. ನನ್ನ ಹಾಳೆ ತಂದು ಗಟ್ಟಿಯಾಗಿ ಓದಿದ. ಇದು ನೀವೇ ಹೇಳಿದ್ದಲ್ವಾ ಅಂದ.

"ಹೌದ್ರಿ. ಎಂಟು. ನಾನೇ ಹೇಳೀನಿ."

ಅವರು ಗೋಡೆ ನೋಡಿದರು, ಸುಣ್ಣದ ಗೆರೆ ನೋಡಿದರು, ಗುಂಡಿ ನೋಡಿದರು. ಅವರ ಬಲಗಾಲು ಒಂದು ಹೆಜ್ಜೆ ಮುಂದಿಟ್ಟು ಹಿಂದಕ್ಕೆ ಬಂತು. ಅವರು ಅಷ್ಟು ವರ್ಷ ಕಾಲನ್ನೇ ನಂಬಿದವರು. ಕಾಲು ಒಂದು ಹೇಳುತ್ತಿತ್ತು, ಅವರದೇ ಮಾತು ಕಾಗದದಲ್ಲಿ ಇನ್ನೊಂದು ಹೇಳುತ್ತಿತ್ತು. ನನ್ನ ಕಡೆ ತಿರುಗಿದರು.

"ಸಾಹೇಬ್ರ, ನಕಾಶೆ ಬರೋಬ್ಬರಿ ಅದ ಏನ್ರಿ?"

"ಬರೋಬ್ಬರಿ ಅದ ಕಾಕಾ. ನೀವು ಹೇಳಿದ್ದೇ ಬರ್ದೀನಿ."

"ಮತ್ತ ನಂದೇ ತಪ್ಪಿರಬೇಕು ಬಿಡ್ರಿ. ವಯಸ್ಸಾತು."

ಹಾಗೆಂದರೂ ಅವರ ಮನಸ್ಸು ಒಪ್ಪಲಿಲ್ಲ. ಒಂದು ಸಲ ಕೇಳಿ ಬರ್ತೀನಿ ಎಂದು ಏಣಿಯ ಮೇಲೆ ಕಾಲಿಟ್ಟರು. ಮೇಲ್ವಿಚಾರಕ ಬೇಡ ಎಂದ. ನಾನು ಏನೂ ಹೇಳಲಿಲ್ಲ. ಮಣ್ಣು ಕುಸಿಯದಂತೆ ಗುಂಡಿಯ ಬದಿಗಳಿಗೆ ಹಲಗೆ ಕೊಟ್ಟಿರಲಿಲ್ಲ. ಆ ಆಳಕ್ಕೆ ಕೊಡಬೇಕಿತ್ತು, ಅದು ನನಗೆ ಗೊತ್ತಿತ್ತು.

ಅವರು ಇಳಿದು ಗೋಡೆಯ ಕಡೆಯ ಮಣ್ಣಿಗೆ ಸಲಾಕಿ ಊರಿ ಕಿವಿ ಹಚ್ಚಿದರು. ಎಡಗೈ ಮೇಲೆತ್ತಿದರು. ಜೆಸಿಬಿ ನಡೆಸುತ್ತಿದ್ದ ಮಹಾದೇವ ಎಂಜಿನ್ ಬಂದ್ ಮಾಡಿದ. ಶಾಲೆಯಲ್ಲಿ ಮಕ್ಕಳು ಮಗ್ಗಿ ಹೇಳುತ್ತಿದ್ದದ್ದು ಕೇಳತೊಡಗಿತು. ಅವರು ಕಣ್ಣು ಮುಚ್ಚಿದ್ದರು. ಆಮೇಲೆ ತೆರೆದು ನನ್ನನ್ನು ನೋಡಿದರು. ಆ ಮುಖವನ್ನು ನಾನು ಎಷ್ಟೋ ಸಲ ನೆನೆಸಿಕೊಂಡು ಪರೀಕ್ಷೆ ಮಾಡಿದ್ದೇನೆ. ಅದರಲ್ಲಿ ಇದ್ದದ್ದು ಸಂತೋಷ. ಹೆದರಿಕೆ ಇರಲಿಲ್ಲ.

"ಇಲ್ಲೇ ಅದಾಳ್ರಿ ಸಾಹೇಬ್ರ. ಸೋರಾಕತ್ತಾಳ."

ಆ ಬದಿಯ ಮಣ್ಣು ಒಂದೇ ಹಲಗೆಯಾಗಿ ಅವರ ಮೇಲೆ ಬಂತು. ಸಪ್ಪಳ ದೊಡ್ಡದಿರಲಿಲ್ಲ. ತೊಯ್ದ ಚೀಲ ಕೆಳಗಿಟ್ಟ ಹಾಗೆ. ಮಣ್ಣು ಬಿದ್ದಲ್ಲಿ ಹಳೇ ಪೈಪಿನ ಹೊಟ್ಟೆ ಕಾಣಿಸಿತು, ಗುಂಡಿಯ ಬದಿಯಿಂದ ಒಂದು ಅಡಿ ಒಳಗೆ, ಅದರ ಕೀಲಿನಿಂದ ನೀರು ಸಣ್ಣಗೆ ಇಳಿಯುತ್ತಿತ್ತು. ಎಷ್ಟು ದಿನದಿಂದ ಸೋರಿ ಆ ಮಣ್ಣು ಮೆತ್ತಗಾಗಿತ್ತೋ ಗೊತ್ತಿಲ್ಲ. ಯಂತ್ರ ಹಾಕುವ ಹಾಗಿರಲಿಲ್ಲ. ಮೊದಲು ಜಿಗಿದದ್ದು ಗೌಸುದ್ದೀನ್. ಆಮೇಲೆ ಮಹಾದೇವ. ನಾನು ಮೂರನೆಯವನು. ಕೈಯಿಂದ, ಚಹಾದ ಪಾತ್ರೆಯಿಂದ, ಶಾಲೆಯ ತಾಟುಗಳಿಂದ ಮಣ್ಣು ತೆಗೆದೆವು. ತಾಟುಗಳನ್ನು ತಂದು ಕೊಟ್ಟವರು ಕಮಲಾಬಾಯಿ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯಿತು. ದೊಡ್ಡ ಆಸ್ಪತ್ರೆಗೆಂದು ಹುಮನಾಬಾದಿನ ಕಡೆ ಹೊರಟ ಗಾಡಿಯಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ಹೆದ್ದಾರಿ ಮುಟ್ಟುವ ಮೊದಲೇ ಉಸಿರು ನಿಂತಿತ್ತು. ಆದರೂ ಯಾರೂ ಗಾಡಿ ತಿರುಗಿಸು ಎನ್ನಲಿಲ್ಲ.

ಗೋಡೆಯ ಸಂಗತಿ ತಿಳಿದದ್ದು ಮೂರನೆಯ ದಿನ. ನಾನು ಟೇಪು ಹಿಡಿದು ಹೋಗಿದ್ದೆ. ಗೋಡೆಯಿಂದ ಪೈಪಿಗೆ ಎಂಟಲ್ಲ, ಹನ್ನೊಂದು ಹೆಜ್ಜೆ ಬಂತು. ಮತ್ತೆ ಅಳೆದೆ. ಗೌಸುದ್ದೀನ್ ಅಂಗಡಿಯಿಂದಲೇ ನೋಡುತ್ತಿದ್ದವರು, ಆ ಗೋಡಿ ಹೊಸಾದು ಸಾಬ್, ರೋಡು ಅಗಲ ಮಾಡೋ ಮುಂದ ಮೂರು ಹೆಜ್ಜಿ ಹಿಂದ ಸರಿಸಿ ಕಟ್ಟ್ಯಾರ ಎಂದರು. ಎರಡು ವರ್ಷವಾಗಿತ್ತಂತೆ. ಇಡೀ ಊರಿಗೆ ಗೊತ್ತಿದ್ದದ್ದು. ಕಾಕಾಗೂ ಗೊತ್ತಿತ್ತು. ಆದರೆ ಬೆಂಚಿನ ಮೇಲೆ ಕುಳಿತು ಎಂಟು ಎಂದಾಗ ಅವರ ಕಣ್ಣಿಗೆ ಕಂಡದ್ದು ಹಳೇ ಗೋಡೆ. ನನ್ನ ಕಣ್ಣಿಗೆ ಕಂಡದ್ದು ಹೊಸದು. ಮರುದಿನ ಒಂದು ಸಲ ನಡೆದಿದ್ದರೆ ಅವರ ಕಾಲು ಸರಿಯಾದ ಜಾಗದಲ್ಲಿ ನಿಲ್ಲುತ್ತಿತ್ತು.

ಹದಿಮೂರನೆಯ ದಿನ ಅವರ ಹಳ್ಳಿಗೆ ಹೋದೆ. ಅಣ್ಣತಮ್ಮಂದಿರು ಕುರಿ ಬಿಟ್ಟುಕೊಂಡು ಹೋಗಿದ್ದರು. ಅವರ ಹೆಂಡತಿ ನನಗೆ ಕಂಬಳಿ ಹಾಸಿ ಕೂಡಿಸಿದರು. ಟವೆಲ್ಲಿನಲ್ಲಿ ಸುತ್ತಿದ ಹಾಳೆಗಳನ್ನು ಒಳಗಿನಿಂದ ತಂದರು. ಬಂದವರಿಗೆಲ್ಲ ಇದನ್ನೇ ತೋರಸ್ತಿದ್ರು, ಊರಿನ ನೀರು ಪೂರಾ ಇದರಾಗ ಅದ ಅಂತಿದ್ರು, ನೀವು ಒಯ್ತೀರೇನ್ರಿ ಎಂದು ಕೇಳಿದರು. ನಾನು ಹೇಳಬೇಕೆಂದು ಹೋದದ್ದನ್ನು ಹೇಳಲಿಲ್ಲ. ನಿಮ್ಮಲ್ಲೇ ಇರಲಿ ಎಂದು ಎದ್ದು ಬಂದೆ.

ಪೈಪಿಗೆ ಏನೂ ಆಗಿರಲಿಲ್ಲ. ಕೀಲು ಬಿಗಿದರು. ಗುಂಡಿಯನ್ನು ಇನ್ನಷ್ಟು ಆಚೆ ತೋಡಿ ಕೆಲಸ ಮುಗಿಸಿದರು. ಹಿಂದಿನ ಗಲ್ಲಿಗೆ ಇವತ್ತಿಗೂ ನೀರು ಹೋಗುತ್ತಿರುವುದು ಅದರಲ್ಲೇ.

ವಿಚಾರಣೆಗೆ ಬಂದವರು ನನ್ನ ಹೇಳಿಕೆ ಬರೆದುಕೊಂಡರು. ಯಾರಾದರೂ ಇಳಿ ಎಂದರೇ ಎಂದು ಕೇಳಿದರು. ಇಲ್ಲ, ಅವರಾಗಿಯೇ ಇಳಿದರು ಎಂದೆ. ಅದು ನಿಜ. ಅದಕ್ಕಿಂತ ಮುಂಚೆ ಕಾಕಾ ನನಗೆ ಏನು ಕೇಳಿದರು, ನಾನು ಏನು ಹೇಳಿದೆ ಎಂದು ಅವರು ಕೇಳಲಿಲ್ಲ, ನಾನಾಗಿ ಹೇಳಲೂ ಇಲ್ಲ. ಹೇಳಿಕೆಯ ಕೆಳಗೆ ನನ್ನ ಸಹಿ ಇದೆ.

ಈಗ ಇಲ್ಲಿ ಹೇಳಿದ್ದೇನೆ. ಇದನ್ನು ಓದಿದವರು ನನ್ನೊಬ್ಬನ ಮಾತನ್ನು ನಂಬಬೇಕಿಲ್ಲ. ಮೇಲ್ವಿಚಾರಕ ಹುಡುಗ ಕೆಲಸ ಬಿಟ್ಟು ತನ್ನ ಊರಿಗೆ ಹೋದ, ಎಲ್ಲಿದ್ದಾನೋ ತಿಳಿಯದು. ಗೌಸುದ್ದೀನ್ ಅದೇ ಅಂಗಡಿಯಲ್ಲಿದ್ದಾರೆ. ಕಮಲಾಬಾಯಿ ಅದೇ ಶಾಲೆಯಲ್ಲಿ ಅಡುಗೆ ಮಾಡುತ್ತಾರೆ. ಮಹಾದೇವ ಈಗ ಹಳ್ಳಿಖೇಡದ ಕಡೆ ಕಬ್ಬಿನ ಟ್ರ್ಯಾಕ್ಟರ್ ನಡೆಸುತ್ತಾನೆ. ಕಾಕಾ ನನ್ನ ಕಡೆ ತಿರುಗಿ ಕೇಳಿದಾಗ ಮೂವರೂ ಹತ್ತು ಹೆಜ್ಜೆಯೊಳಗೆ ಇದ್ದರು. ನಕಾಶೆ ಸರಿಯಿದೆ ಎಂದು ನಾನು ಹೇಳಿದ್ದನ್ನು ಮೂವರೂ ಕೇಳಿದ್ದಾರೆ.